ಜೀವಕೋಶದ ಚಿತ್ರ: ಕಂಡದ್ದೆಷ್ಟು, ಕೇಳಿದ್ದೆಷ್ಟು?

ಜೀವಕೋಶದ ಪಾಠವೆಂದರೆ ಪಠ್ಯಪುಸ್ತಕದಲ್ಲಿ ಒಂದು ವರ್ಣಚಿತ್ರ ಇದ್ದೇ ಇರುತ್ತದೆ. ಅದರಲ್ಲಿ ಒಂದು ಕೋಶಕೇಂದ್ರ, ಸುತ್ತ ನಾಲ್ಕೈದು ಮೈಟೊಕಾಂಡ್ರಿಯ, ಗಾಲ್ಜಿ ಸಂಕೀರ್ಣ, ಚುಕ್ಕೆಗಳಂತೆ ರೈಬೊಸೋಮ್‌ಗಳು. ಭಾಗಗಳ ಹೆಸರು ಕಲಿಯಲು ಇದು ಉಪಯುಕ್ತವೇ. ಆದರೆ ಬಹುತೇಕ ಚಿತ್ರಗಳಲ್ಲಿ ಎರಡು ಕೊರತೆಗಳಿವೆ. ಅಳತೆಯ ಗೆರೆ ಇರುವುದಿಲ್ಲ; ಯಾವ ಉಪಕರಣದಿಂದ ಕಂಡದ್ದೆಂಬ ಸೂಚನೆಯೂ ಇರುವುದಿಲ್ಲ.

ಇದರ ಪರಿಣಾಮ ಪ್ರಯೋಗಾಲಯದಲ್ಲಿ ಕಾಣುತ್ತದೆ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಊರು ಯಾವುದಾದರೂ ಸರಿ, ವಿದ್ಯಾರ್ಥಿಗಳು ಮೊದಲು ನೋಡುವುದು ಈರುಳ್ಳಿಯ ಪೊರೆಯನ್ನು. ಶಾಲೆಯ ಸೂಕ್ಷ್ಮದರ್ಶಕದಲ್ಲಿ ಕೋಶಭಿತ್ತಿ ಕಾಣುತ್ತದೆ. ಅಯೋಡಿನ್ ಹಾಕಿದರೆ ಕೋಶಕೇಂದ್ರವೂ ಕಾಣುತ್ತದೆ. ದಾಖಲೆ ಪುಸ್ತಕದಲ್ಲಿ ಮಾತ್ರ ಎಷ್ಟೋ ಸಲ ಮೈಟೊಕಾಂಡ್ರಿಯ ಮೂಡಿರುತ್ತದೆ. ಈರುಳ್ಳಿ ಪೊರೆಯಲ್ಲಿ ಇಲ್ಲದ ಕ್ಲೋರೊಪ್ಲಾಸ್ಟ್ ಕೂಡ! ಕಾಣದ್ದನ್ನು ಕಂಡೆನೆಂದು ಬರೆಯುವ ಅಭ್ಯಾಸ ಇಲ್ಲಿಂದಲೇ ಮೊದಲಾಗುತ್ತದೆ.

ಇದು ಮಸೂರದ ದೋಷವಲ್ಲ, ಬೆಳಕಿನ ಮಿತಿ. ಬೆಳಕಿನ ತರಂಗದೂರದ ಸುಮಾರು ಅರ್ಧಕ್ಕಿಂತ, ಅಂದರೆ 0.2 ಮೈಕ್ರೊಮೀಟರಿಗಿಂತ, ಹತ್ತಿರವಿರುವ ಎರಡು ಬಿಂದುಗಳನ್ನು ಸಾಮಾನ್ಯ ಸೂಕ್ಷ್ಮದರ್ಶಕ ಬೇರ್ಪಡಿಸಿ ತೋರಿಸಲಾರದು. ಎಷ್ಟೇ ವರ್ಧಿಸಿದರೂ ಮಸುಕು ದೊಡ್ಡದಾಗುತ್ತದೆಯೇ ಹೊರತು ವಿವರ ಹೆಚ್ಚುವುದಿಲ್ಲ. ಸೂಕ್ತ ಬಣ್ಣ ಹಾಕಿದರೆ ಮೈಟೊಕಾಂಡ್ರಿಯ ಚುಕ್ಕೆಗಳಂತೆ ಕಂಡೀತು. ಅದರ ಒಳಮಡಿಕೆಗಳು ಕಾಣವು. 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ಚೂರಿನಲ್ಲಿ ಕಂಡದ್ದು ಕೋಶಭಿತ್ತಿಗಳನ್ನಷ್ಟೆ. ಒಳಮಡಿಕೆಗಳನ್ನೂ ರೈಬೊಸೋಮ್‌ಗಳನ್ನೂ ಜಾರ್ಜ್ ಪಲಾಡೆ ಗುರುತಿಸಿದ್ದು 1950ರ ದಶಕದಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೆರವಿನಿಂದ. ಸುಮಾರು ಮುನ್ನೂರು ವರ್ಷಗಳ ಅಂತರದ ಈ ಕಾಣ್ಕೆಗಳನ್ನು ಪಠ್ಯಪುಸ್ತಕ ಒಂದೇ ಚಿತ್ರದಲ್ಲಿ ಬೆರೆಸಿಬಿಡುತ್ತದೆ.

ಅಳತೆಯನ್ನೂ ನೋಡೋಣ. ಕಾಲು ಮಿಲಿಮೀಟರ್ ಉದ್ದದ ಈರುಳ್ಳಿ ಕೋಶವನ್ನು ಸಾವಿರ ಪಟ್ಟು ಹಿಗ್ಗಿಸಿ 25 ಸೆಂಟಿಮೀಟರ್ ಉದ್ದಕ್ಕೆ ಬರೆದೆವೆನ್ನಿ. ಆಗ ಒಂದು ಮೈಕ್ರೊಮೀಟರಿನ ಮೈಟೊಕಾಂಡ್ರಿಯ 1 ಮಿಲಿಮೀಟರ್ ಆಗುತ್ತದೆ. 25 ನ್ಯಾನೊಮೀಟರಿನ ರೈಬೊಸೋಮ್ 0.025 ಮಿಲಿಮೀಟರ್, ಪೆನ್ಸಿಲಿನ ಮೊನೆಗೂ ಸಿಕ್ಕದು. ಯಕೃತ್ತಿನ ಸಣ್ಣ ಕೋಶಕ್ಕೆ ಪುಸ್ತಕದ ಪ್ರಮಾಣ ಹೆಚ್ಚುಕಡಿಮೆ ಹೊಂದುತ್ತದೆ, ನಿಜ. ಆದರೆ ಅಲ್ಲಿರುವುದು ನಾಲ್ಕೈದು ಮೈಟೊಕಾಂಡ್ರಿಯಗಳಲ್ಲ, ಸಾವಿರಕ್ಕೂ ಹೆಚ್ಚು. ಚಿತ್ರದಲ್ಲಿ ಖಾಲಿ ಬಿಟ್ಟ ಕೋಶದ್ರವ್ಯ ವಾಸ್ತವದಲ್ಲಿ ಪ್ರೋಟೀನುಗಳಿಂದ ಕಿಕ್ಕಿರಿದಿರುತ್ತದೆ.

ಪರಿಹಾರಕ್ಕೆ ಹೆಚ್ಚು ಖರ್ಚಿಲ್ಲ. ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಮುದ್ರಿಸಲಿ: ಬೆಳಕಿನಲ್ಲಿ ಕಾಣುವುದೊಂದು, ಎಲೆಕ್ಟ್ರಾನಿನಿಂದ ಕಾಣುವುದೊಂದು. ಎರಡಕ್ಕೂ ಅಳತೆಯ ಗೆರೆ ಇರಲಿ. ಸವಣೂರಿನ ಮಕ್ಕಳಿಗೆ ವೀಳ್ಯದೆಲೆ ಕೈಗೆಟುಕುವಂಥದ್ದು. ಅದರ ಕೆಳಬದಿಯ ಪತ್ರರಂಧ್ರಗಳನ್ನು ನೋಡಿ, ಕಂಡಷ್ಟನ್ನೇ ಬರೆಯಲಿ. ಅಂಥ ಬರಿಗೆರೆಯ ಚಿತ್ರಕ್ಕೆ ಪೂರ್ಣ ಅಂಕ ಕೊಡುವ ಧೈರ್ಯ ಪರೀಕ್ಷಕರಿಗೆ ಇರಬೇಕು.