ಹಿಮದ ಬೆಟ್ಟದ ಚಾರ್ಲಿ, ಜಗಲಿಯ ಮೇಲಿನ ನಾಯಿ

'777 ಚಾರ್ಲಿ' ತೆರೆಗೆ ಬಂದದ್ದು 2022ರ ಜೂನ್ 10ರಂದು. ಚಿತ್ರ ನೋಡಿದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಎಲ್ಲರೆದುರು ಕಣ್ಣೀರಿಟ್ಟರು. ಹಿಂದಿನ ವರ್ಷವಷ್ಟೇ ಅವರ ಮನೆಯ ನಾಯಿ ತೀರಿಹೋಗಿತ್ತು. ಕೆಲವೇ ದಿನಗಳಲ್ಲಿ ಸರ್ಕಾರ ಆರು ತಿಂಗಳ ತೆರಿಗೆ ವಿನಾಯಿತಿ ಘೋಷಿಸಿತು. ಮುಂದಿನ ವರ್ಷ 69ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರದ ಗೌರವವೂ ಸಿಕ್ಕಿತು. ಅಂದಿನಿಂದ ಕನ್ನಡದ ಯಾವ ಮನೆಯಲ್ಲಿ ನಾಯಿಗೆ ದೊಡ್ಡ ಕಾಯಿಲೆ ಬಂದರೂ ಈ ಚಿತ್ರದ ಹೆಸರು ಬರುತ್ತದೆ. ಕಾಯಿಲೆಬಿದ್ದ ನಾಯಿಯ ಜೊತೆ ಬದುಕುವುದು ಹೇಗೆಂದು ತೋರಿಸಿಕೊಟ್ಟ ಚಿತ್ರ ಎಂಬ ಖ್ಯಾತಿ ಅದಕ್ಕೆ ಅಂಟಿಕೊಂಡಿದೆ. ಆ ಖ್ಯಾತಿಗೆ ಚಿತ್ರ ಅರ್ಹವಲ್ಲ. ಕಾಯಿಲೆಯ ದಿನಗಳನ್ನು ಅದು ತೋರಿಸುವುದಿಲ್ಲ, ದಾಟಿ ಹೋಗುತ್ತದೆ.

ಕಥೆಯನ್ನು ಮತ್ತೆ ಹೇಳಬೇಕಾಗಿಲ್ಲ. ಕಾಸರಗೋಡಿನ ಕಿರಣರಾಜ್ ಕೆ. ನಿರ್ದೇಶಿಸಿದ, ಉಡುಪಿಯ ರಕ್ಷಿತ್ ಶೆಟ್ಟಿ ನಟಿಸಿದ ಈ ಚಿತ್ರದ ಮೊದಲರ್ಧ ಚೆನ್ನಾಗಿದೆ. ಯಾರೂ ಬೇಡವೆಂದು ಮೈಸೂರಿನಲ್ಲಿ ಒಂಟಿಯಾಗಿ ಬದುಕುವ ಧರ್ಮನ ಮನೆಗೆ ಚಾರ್ಲಿ ಎಂಬ ಲ್ಯಾಬ್ರಡಾರ್ ಹೆಣ್ಣುನಾಯಿ ನುಗ್ಗುವುದು, ಅದರ ಕಾಟ, ನಿಧಾನವಾಗಿ ಬೆಳೆಯುವ ಸಲುಗೆ ಎಲ್ಲದರಲ್ಲೂ ಕಣ್ಣಿಟ್ಟು ನೋಡಿದ ಲಕ್ಷಣವಿದೆ. ನಾಯಿಯಿಂದ ತೆಗೆಸಿದ ಅಭಿನಯ ಕನ್ನಡದಲ್ಲಿ ಅಪರೂಪದ್ದು.

ಚಿತ್ರ ಬಂದಾಗ ವಿಮರ್ಶಕರು ಎರಡು ಬಣಗಳಾದರು. ಅಳಿಸಿತು, ಆದ್ದರಿಂದ ದೊಡ್ಡ ಚಿತ್ರ ಎಂದಿತು ಒಂದು ಬಣ. ಅಳಿಸಲೆಂದೇ ಹೆಣೆದ ಕಥೆ, ಆದ್ದರಿಂದ ಅಗ್ಗದ್ದು ಎಂದಿತು ಇನ್ನೊಂದು. ಇಬ್ಬರೂ ಕಣ್ಣೀರನ್ನೇ ಅಳತೆಗೋಲು ಮಾಡಿಕೊಂಡರು. ನಾಯಿ ಸತ್ತರೆ ಅಳುವುದರಲ್ಲಿ ಅಗ್ಗವಾದದ್ದೇನೂ ಇಲ್ಲ. ಹನ್ನೆರಡು ವರ್ಷ ಅಂಗಳ ಕಾದ ಜೀವ ಹೋದಾಗ ಅಳದವರ ಸಂಯಮವನ್ನು ಮೆಚ್ಚಬೇಕಾದ ಕಾರಣವೂ ಇಲ್ಲ. ಯಾವುದಕ್ಕಾಗಿ ಅಳಿಸಿತು ಎಂಬುದು ಕೇಳಬೇಕಾದ ಪ್ರಶ್ನೆ. ಅದನ್ನು ಎರಡು ಬಣಗಳೂ ಕೇಳಲಿಲ್ಲ.

ಚಿತ್ರದ ತಿರುವು ಹಿಮದ ಆಸೆಯಲ್ಲಿದೆ. ಟೀವಿಯಲ್ಲಿ ಹಿಮ ಕಂಡಾಗ ಚಾರ್ಲಿ ಹಿಗ್ಗುತ್ತದೆ. ಕ್ಯಾನ್ಸರ್ ಇದೆಯೆಂದು ಗೊತ್ತಾದ ಮೇಲೆ ಧರ್ಮ ಆ ಹಿಗ್ಗನ್ನು ಕೊನೆಯ ಆಸೆ ಎಂದು ತಿಳಿದು, ಸೈಡ್‌ಕಾರ್ ಕಟ್ಟಿದ ಬೈಕಿನಲ್ಲಿ ಅದನ್ನು ಕೂರಿಸಿಕೊಂಡು ಉತ್ತರಕ್ಕೆ ಹೊರಡುತ್ತಾನೆ. ಇಲ್ಲಿ ನಿಂತು ನೋಡಬೇಕು. ತೆರೆಯ ಮೇಲೆ ಏನು ಚಲಿಸಿದರೂ ನಾಯಿ ಕಿವಿ ನಿಮಿರಿಸೀತು. ಅದನ್ನು ಆಸೆ ಎಂದು ಓದಿದವನು ಧರ್ಮ. ಅವನ ಓದಿಗೆ ಸಾಕ್ಷಿ ಹೇಳುವುದು ಕ್ಯಾಮೆರಾ. ಪ್ರೀತಿಸುವವರು ನಾಯಿಯ ಮನಸ್ಸನ್ನು ಹೀಗೆ ಊಹಿಸುವುದು ಸಹಜ, ಅದನ್ನು ತಪ್ಪೆನ್ನುವಂತಿಲ್ಲ. ಆದರೆ ಆ ಊಹೆಯನ್ನು ಚಿತ್ರ ಎಲ್ಲೂ ಪರೀಕ್ಷೆಗೆ ಒಡ್ಡುವುದಿಲ್ಲ. 'ಇದು ನನಗೆ ಬೇಕಾದದ್ದೋ, ಇದಕ್ಕೆ ಬೇಕಾದದ್ದೋ' ಎಂಬ ಪ್ರಶ್ನೆ ಧರ್ಮನನ್ನು ನಿದ್ದೆಗೆಡಿಸಬೇಕಿತ್ತು. ಮುದಿ ನಾಯಿ ಸಾಕಿದವರೆಲ್ಲ ರಾತ್ರಿ ಎದ್ದು ಕೂತು ಕೇಳಿಕೊಳ್ಳುವ ಪ್ರಶ್ನೆ ಅದು.

ಚಿತ್ರ ಆರಿಸಿಕೊಂಡ ಕಾಯಿಲೆ ಯಾವುದೆಂದೂ ನೋಡಬೇಕು. ಹೆಮಾಂಜಿಯೋಸಾರ್ಕೋಮಾ ರಕ್ತನಾಳದ ಒಳಪದರದಲ್ಲಿ ಹುಟ್ಟುವ ಕ್ಯಾನ್ಸರ್. ಗುಲ್ಮ, ಹೃದಯ, ಯಕೃತ್ತಿನಲ್ಲಿ ಸದ್ದಿಲ್ಲದೆ ಬೆಳೆದು ಒಂದು ದಿನ ಒಡೆದು ಹೊಟ್ಟೆಯೊಳಗೆ ರಕ್ತ ಸುರಿಯುತ್ತದೆ. ವಸಡು ಬಿಳಿಚುತ್ತದೆ, ನಾಯಿ ನಿಂತಲ್ಲೇ ಕುಸಿಯುತ್ತದೆ. ಎಷ್ಟೋ ಸಲ ಮನೆಯವರಿಗೆ ಕಾಣುವ ಮೊದಲ ಲಕ್ಷಣವೇ ಅದು. ಗುಲ್ಮ ತೆಗೆದು ಹಾಕಿದರೂ ಸಾಮಾನ್ಯವಾಗಿ ಉಳಿಯುವುದು ಕೆಲವು ತಿಂಗಳು. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್‌ಗಳಲ್ಲಿ ಹೆಚ್ಚು, ಅದೂ ವಯಸ್ಸಾದವುಗಳಲ್ಲಿ. ಇಂಥ ಕಾಯಿಲೆಯನ್ನು ಇನ್ನೂ ಓಡಿಯಾಡುವ ಪ್ರಾಯದ ನಾಯಿಗೆ ಕೊಟ್ಟು, ಅದನ್ನು ದೇಶದ ಆ ತುದಿಗೆ, ಗಾಳಿ ತೆಳುವಾಗುವ ಎತ್ತರಕ್ಕೆ ಒಯ್ಯುತ್ತದೆ ಚಿತ್ರ. ಮುಪ್ಪು ಇಲ್ಲದ್ದರಿಂದ ಮುಪ್ಪಿನ ಯಾವ ಕಷ್ಟವೂ ತೆರೆಯ ಮೇಲೆ ಬರುವ ಅಗತ್ಯ ಬೀಳಲಿಲ್ಲ. ದಾರಿಯುದ್ದಕ್ಕೂ ಹಾಡು, ಊರು, ಹೊಸ ಮುಖಗಳು. ನೋಬಿನ್ ಪಾಲ್ ಸಂಗೀತ ನಮ್ಮನ್ನು ಎತ್ತಿಕೊಂಡು ಹೋಗುತ್ತದೆ. ರೋಗಿ ಪ್ರಯಾಣಿಕನಾಗುತ್ತಾನೆ, ಆರೈಕೆ ಸಾಹಸವಾಗುತ್ತದೆ.

ಧರ್ಮ ಎಂಬ ಹೆಸರಿನವನು ನಾಯಿಯೊಂದಿಗೆ ಹಿಮಾಲಯ ಏರಿದರೆ ಕನ್ನಡಿಗರಿಗೆ ಸ್ವರ್ಗಾರೋಹಣ ನೆನಪಾಗದೆ ಇರದು. ನಾಯಿಯನ್ನು ಬಿಟ್ಟು ಸ್ವರ್ಗ ಬೇಡ ಎಂದ ಧರ್ಮರಾಯ ಮಂದಾರ್ತಿಯ ಯಕ್ಷಗಾನ ಮೇಳದ ಆಟ ನೋಡಿ ಬೆಳೆದವರಿಗೆ ಪರಿಚಿತ. ಇನ್ನೊಂದು ಪೂರ್ವಜ ಕಥೆ ಕ್ರಿ.ಶ. 949-50ರ ಆತಕೂರಿನ ಶಾಸನದಲ್ಲಿದೆ. ಗಂಗ ದೊರೆ ಬೂತುಗನಿಂದ ಅವನ ಯೋಧ ಮಣಲೆರ ಬೇಡಿ ಪಡೆದ 'ಕಾಳಿ' ಎಂಬ ನಾಯಿ ಹಂದಿಯೊಡನೆ ಸೆಣಸಿ ತಾನೂ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಯ ವ್ಯವಸ್ಥೆಯನ್ನೂ ಮಾಡಿದರು. ನಾಯಿಯನ್ನು ಅಷ್ಟು ಗೌರವಿಸಿದ ನಾಡು ನಮ್ಮದು, ಹೆಮ್ಮೆಪಡಬೇಕು. ಆದರೆ ಗೌರವ ಸಂದದ್ದು ಹೋರಾಡಿದ ನಾಯಿಗೆ, ಬೆನ್ನು ಬಿಡದೆ ಬಂದ ನಾಯಿಗೆ. ಕಾಲಿಗೆ ಬಲವಿಲ್ಲದೆ ಮಲಗಿದ ನಾಯಿಗೆ ನಮ್ಮ ಕಲೆಯಲ್ಲಿ ಜಾಗ ಸಿಕ್ಕಿಲ್ಲ. '777 ಚಾರ್ಲಿ' ಆ ಜಾಗ ಮಾಡಿಕೊಡಬಹುದಿತ್ತು. ಅದು ಮತ್ತೊಂದು ವೀರಗಲ್ಲು ನಿಲ್ಲಿಸಿತು.

ಕಾಲಿಗೆ ಬಲವಿಲ್ಲದ ಆ ನಾಯಿ ಎಲ್ಲಿದೆ? ಸೀತಾನದಿಯ ಬಯಲಿನ ಕೊಕ್ಕರ್ಣೆಯ ಕಡೆಯ ಯಾವುದೇ ಜಗಲಿಯಲ್ಲಿ ಇದ್ದೀತು. ಹಿಂದಿನ ಕಾಲು ಎಳೆಯುತ್ತದೆ. ಮೀನಿನ ಸಾರು ಕಲಸಿದ ಕುಚ್ಚಲಕ್ಕಿ ಅನ್ನವನ್ನು ಮೂಸಿ ಮುಖ ತಿರುಗಿಸುತ್ತದೆ. 'ಪ್ರಾಯ ಆಯ್ತಲ್ದಾ, ಎಂತ ಮಾಡುದ್' ಎನ್ನುವ ಮನೆಯವರಲ್ಲಿ ಪ್ರೀತಿಗೆ ಕೊರತೆಯಿಲ್ಲ, ಮುಂದೇನು ಎಂದು ಹೇಳುವವರಿಲ್ಲ. ಊರಿನ ಪಶು ಆಸ್ಪತ್ರೆಗಳು ಮುಖ್ಯವಾಗಿ ದನಕರುಗಳಿಗಾಗಿ ಇರುವಂಥವು. ದೊಡ್ಡ ತಪಾಸಣೆಯೆಂದರೆ ಮಂಗಳೂರಿನ ಕಡೆ, ಇಲ್ಲವೆ ಹೆಬ್ರಿ ದಾಟಿ ಆಗುಂಬೆ ಘಾಟಿ ಹತ್ತಿ ಶಿವಮೊಗ್ಗದ ಪಶುವೈದ್ಯ ಕಾಲೇಜು. ನೋವಿನಿಂದ ನರಳುವುದನ್ನು ನೋಡಲಾಗದೆ ಮನುಷ್ಯರ ನೋವಿನ ಮಾತ್ರೆ ಕೊಡುವವರಿದ್ದಾರೆ. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತದೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಸಂತಾನಹರಣ ಮಾಡಿಸದ ಮುದಿ ಹೆಣ್ಣುನಾಯಿ ಇದ್ದಕ್ಕಿದ್ದಂತೆ ನೀರು ಹೆಚ್ಚು ಕುಡಿದು ಅನ್ನ ಬಿಟ್ಟರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಸಮಯಕ್ಕೆ ಶಸ್ತ್ರಕ್ರಿಯೆಯಾದರೆ ನಾಯಿ ಸಾಮಾನ್ಯವಾಗಿ ಉಳಿಯುತ್ತದೆ, ಆದರೆ ಮುಪ್ಪೆಂದು ಸುಮ್ಮನಾಗುತ್ತಾರೆ. ಗೋಣಿಚೀಲ ಬದಲಿಸುವುದು, ಒದ್ದೆಯಾದ ತೊಡೆ ಒರೆಸುವುದು, ಮಗ್ಗುಲು ಹುಣ್ಣಾಗದಂತೆ ಹೊರಳಿಸುವುದು, ಚಮಚದಲ್ಲಿ ಗಂಜಿತಿಳಿ ಕುಡಿಸುವುದು: ನಿಜವಾದ ಆರೈಕೆ ಇದು. ಎರಡೂವರೆ ಗಂಟೆ ದಾಟುವ ಚಿತ್ರದಲ್ಲಿ ಇಂಥ ಕೆಲಸಕ್ಕೆ ಸಿಕ್ಕ ಹೊತ್ತು ತೀರ ಕಡಿಮೆ.

ಇದನ್ನು ಸಿನಿಮಾ ಮಾಡಲಾಗದು ಎನ್ನುವವರಿಗೆ 2008ರ 'ಮಾರ್ಲಿ ಆಂಡ್ ಮಿ' ಇದೆ. ಹಾಲಿವುಡ್ಡಿನ ಹಗುರ ಚಿತ್ರವೆಂದು ಕೆಲವು ವಿಮರ್ಶಕರು ತಳ್ಳಿಹಾಕಿದ್ದು ಅದನ್ನು. ಅಲ್ಲಿನ ಲ್ಯಾಬ್ರಡಾರ್ ನಮ್ಮ ಕಣ್ಣೆದುರೇ ಮುದಿಯಾಗುತ್ತದೆ. ಹೊಟ್ಟೆ ತಿರುಚಿಕೊಂಡು ಒಮ್ಮೆ ಬದುಕಿ, ಮತ್ತೆ ತಿರುಚಿಕೊಂಡಾಗ ಯಜಮಾನ ವೈದ್ಯರ ಮೇಜಿನ ಪಕ್ಕ ಕೂತು ಚುಚ್ಚುಮದ್ದಿಗೆ ಒಪ್ಪುತ್ತಾನೆ. ಆ ಒಪ್ಪಿಗೆಯ ಭಾರ ಅವನ ಮುಖದ ಮೇಲಿರುತ್ತದೆ. ಚಾರ್ಲಿಯಾದರೋ ಹಿಮದ ನಾಡಿನಲ್ಲಿ ತಾನಾಗಿಯೇ ಪ್ರಾಣ ಬಿಡುತ್ತದೆ. ಧರ್ಮ ಹೊರಬೇಕಿದ್ದ ನಿರ್ಧಾರವನ್ನು ಚಿತ್ರಕಥೆ ಬೆಟ್ಟಕ್ಕೆ ಒಪ್ಪಿಸಿ ಅವನನ್ನು ಪಾರುಮಾಡಿದೆ.

ಆ ನಿರ್ಧಾರಕ್ಕೆ ಆಧಾರಗಳಿವೆ. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಲೋಬೋಸ್ 2004ರಲ್ಲಿ ರೂಪಿಸಿದ ಮಾಪನ ಏಳು ವಿಷಯ ಕೇಳುತ್ತದೆ: ನೋವು, ಹಸಿವು, ದೇಹದ ನೀರಿನಂಶ, ಶುಚಿ, ಖುಷಿ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎಂಬುದು. ಒಂದೊಂದಕ್ಕೆ ಹತ್ತು ಅಂಕ. ಒಟ್ಟು 35 ದಾಟಿದರೆ ಆರೈಕೆ ಮುಂದುವರಿಸಬಹುದು. ಪ್ರೀತಿಗೆ ಅಂಕ ಹಾಕುವುದು ಒರಟೆನಿಸೀತು, ಆದರೆ ಮನೆಯವರ ಆಸೆಯಿಂದ ನಾಯಿಯ ಸ್ಥಿತಿಯನ್ನು ಬೇರ್ಪಡಿಸಿ ನೋಡಲು ಇದು ದಾರಿ ಮಾಡುತ್ತದೆ. ಹಿಮದ ಆಸೆ ಈ ಏಳರಲ್ಲಿ ಎಲ್ಲೂ ಸೇರುವುದಿಲ್ಲ.

ಚಿತ್ರದಲ್ಲಿ ಎಲ್ಲಕ್ಕಿಂತ ಧೈರ್ಯದ ಭಾಗವನ್ನು ಕೆಲವು ವಿಮರ್ಶಕರು ಕಥೆಗೆ ಅನಗತ್ಯ ಎಂದು ಬದಿಗೆ ಸರಿಸಿದರು: ನಾಯಿಮರಿ ಹುಟ್ಟಿಸಿ ಮಾರುವವನ ಕ್ರೌರ್ಯ, ರಕ್ತಸಂಬಂಧದೊಳಗೇ ಕೂಡಿಸಿದ್ದರಿಂದ ಬಂದ ಕಾಯಿಲೆ. ಅನಗತ್ಯ ಎನ್ನುವುದು ತಪ್ಪು. ಹಣಕೊಟ್ಟು ತಂದ ಮರಿಯ ಹಿಂದೆ ಏನಿರುತ್ತದೆಂದು ಜನಪ್ರಿಯ ಕನ್ನಡ ಚಿತ್ರವೊಂದು ಅಷ್ಟು ನೇರವಾಗಿ ಹೇಳಿದ್ದು ದೊಡ್ಡ ಸಂಗತಿ. ನೊಂದುಕೊಳ್ಳಬೇಕಾದದ್ದು ಆಮೇಲಿನದಕ್ಕೆ. ಕೊನೆಯಲ್ಲಿ ಚಾರ್ಲಿ ಒಂದು ಮರಿಯನ್ನು ಹೆತ್ತು ಸಾಯುತ್ತದೆ. ಸಭಾಂಗಣ ಸಮಾಧಾನದಿಂದ ಉಸಿರು ಬಿಡುತ್ತದೆ, ಧರ್ಮನಿಗೆ ಮತ್ತೆ ಜೊತೆ ಸಿಕ್ಕಿತೆಂದು. ಕೆಟ್ಟ ರಕ್ತಸಂಬಂಧದಿಂದ ತಾಯಿಗೆ ಬಂದ ದೋಷ ಮರಿಗೂ ಹರಿದು ಬರಬಹುದಲ್ಲ ಎಂಬ ಮಾತು, ಆ ಪಾಠವನ್ನು ಹೇಳಿಕೊಟ್ಟ ಚಿತ್ರಕ್ಕೇ ಹೊಳೆಯಲಿಲ್ಲ. ರಾಜ್ ಬಿ. ಶೆಟ್ಟಿ ಮಾಡಿದ ಪಶುವೈದ್ಯನ ಪಾತ್ರವಿತ್ತು, ನಗಿಸುತ್ತಲೇ ಗಂಭೀರನಾಗಬಲ್ಲ ನಟನೂ ಇದ್ದ. ಧರ್ಮನೆದುರು ಕೂತು ಈ ಮರಿಯ ತಪಾಸಣೆಯ ಬಗ್ಗೆ, ಇದಕ್ಕೂ ಮುಪ್ಪು ಬಂದಾಗ ಏನು ಮಾಡಬೇಕೆಂಬುದರ ಬಗ್ಗೆ ಮಾತಾಡಲು ಆ ವೈದ್ಯನಿಗೆ ಐದು ನಿಮಿಷ ಸಾಕಾಗುತ್ತಿತ್ತು.