ಎರಡು ಬಿಘಾ ನೆಲ, ಒಂದು ಹಿಡಿ ಮಣ್ಣು

ಸಾಲ 65 ರೂಪಾಯಿ ಅಂದುಕೊಂಡು, ಮನೆಯಲ್ಲಿದ್ದ ಪಾತ್ರೆ ಪಗಡೆ ಮಾರಿ ಹಣ ಹೊಂದಿಸಿದ ಶಂಭುವಿಗೆ ಜಮೀನ್ದಾರನ ಲೆಕ್ಕದ ಪುಸ್ತಕ 235 ಅನ್ನುತ್ತದೆ. ಓದಲು ಬಾರದವನು ಏನು ಮಾಡಿಯಾನು? ಕೋರ್ಟಿನಲ್ಲೂ ಗೆಲ್ಲುವುದು ಕಾಗದವೇ. ಮೂರು ತಿಂಗಳಲ್ಲಿ ಹಣ ಕಟ್ಟಬೇಕು, ಇಲ್ಲವಾದರೆ ನೆಲ ಹರಾಜು. ಜಮೀನ್ದಾರನಿಗೆ ಅಲ್ಲಿ ಮಿಲ್ಲು ಕಟ್ಟಿಸಬೇಕಿದೆ.

ಬಿಮಲ್ ರಾಯ್ ಅವರ ‘ದೋ ಬಿಘಾ ಜಮೀನ್’ (1953) ಚಿತ್ರವನ್ನು ವರ್ಗಸಂಘರ್ಷದ ಸಿನಿಮಾ ಅಂತ ನಾವೆಲ್ಲ ಹೊಗಳುತ್ತೇವೆ. ಆದರೆ ಒಮ್ಮೆ ಗಮನವಿಟ್ಟು ನೋಡಿ. ಇದರಲ್ಲಿ ಸಂಘವಿಲ್ಲ, ಮೆರವಣಿಗೆಯಿಲ್ಲ, ಘೋಷಣೆಯಿಲ್ಲ. ಇರುವುದು ಕಲ್ಕತ್ತಾದ ಬೀದಿಯಲ್ಲಿ ರಿಕ್ಷಾ ಎಳೆಯುತ್ತಾ ಓಡುವ ಒಬ್ಬ ರೈತ, ಬೂಟು ಪಾಲಿಶ್ ಮಾಡುವ ಅವನ ಮಗ.

ಆ ಓಟದ ದೃಶ್ಯ ನಿಮಗೆ ನೆನಪಿರಬಹುದು. ಮುಂದಿನ ರಿಕ್ಷಾದಲ್ಲಿ ಹೋಗುತ್ತಿರುವ ಪ್ರೇಯಸಿಯನ್ನು ಹಿಡಿಯಬೇಕೆಂದು ಒಬ್ಬ ಶೋಕಿಲಾಲ ಹೆಚ್ಚು ಹೆಚ್ಚು ದುಡ್ಡಿನ ಆಸೆ ತೋರಿಸುತ್ತಾನೆ. ಅವನಿಗದು ಆಟ. ಬಲರಾಜ್ ಸಾಹನಿಯ ಶಂಭು ಜೀವ ಬಿಟ್ಟು ಓಡುತ್ತಾನೆ. ಕೊನೆಗೆ ಚಕ್ರವೇ ಕಳಚಿಹೋಗುತ್ತದೆ. ‘ಕಷ್ಟಪಟ್ಟೆವು, ಅದಕ್ಕೇ ಮೇಲೆ ಬಂದೆವು’ ಅನ್ನೋ ಮಾತು ಪರದೇಶದಲ್ಲಿರುವ ನಮ್ಮ ಬಾಯಲ್ಲಿ ಸಲೀಸಾಗಿ ಬರುತ್ತಲ್ಲ, ಈ ದೃಶ್ಯ ನೋಡಿದ ಮೇಲೆ ಅದನ್ನು ಹೇಳೋದು ಕಷ್ಟ. ಶಂಭು ನಮಗಿಂತ ಕಡಿಮೆ ಕಷ್ಟಪಟ್ಟನೇ?

ಇಷ್ಟಾದರೂ ಚಿತ್ರದ ಬಗ್ಗೆ ನನ್ನದೊಂದು ತಕರಾರಿದೆ. ಹುಡುಗ ಕನ್ಹಯ್ಯಾ ಕದಿಯುತ್ತಾನೆ. ಅದೇ ಹೊತ್ತಿಗೆ ತಾಯಿ ಕಾರಿಗೆ ಸಿಕ್ಕು ಸಾಯುವ ಸ್ಥಿತಿಯಲ್ಲಿರುತ್ತಾಳೆ. ತನ್ನ ಪಾಪಕ್ಕೆ ಇದೇ ಶಿಕ್ಷೆ ಅಂದುಕೊಂಡು ಅವನು ನೋಟುಗಳನ್ನು ಹರಿದು ಹಾಕುತ್ತಾನೆ. ಬಡವನ ಮಗುವಿಗೆ ಇಷ್ಟು ದೊಡ್ಡ ಪಾಪಪ್ರಜ್ಞೆ ಹೊರಿಸುವ ಚಿತ್ರ, 65ನ್ನು 235 ಮಾಡಿದವನಿಗೆ ಒಂದು ಕೆಟ್ಟ ಕನಸನ್ನೂ ಕೊಡುವುದಿಲ್ಲ. ಪ್ರಾಮಾಣಿಕನಾಗಿದ್ದರೆ ಮಾತ್ರ ಬಡವ ನಮ್ಮ ಕಣ್ಣೀರಿಗೆ ಅರ್ಹ ಅನ್ನೋ ಮಧ್ಯಮವರ್ಗದ ಷರತ್ತು ಇಲ್ಲಿ ಇಣುಕುತ್ತದೆ.

ಇದಕ್ಕಿಂತ ಬೇರೆ ದಾರಿ ಆಗ ಇರಲೇ ಇಲ್ಲವೇ? ಇತ್ತು. ಈ ಚಿತ್ರ ಬರುವ ಎರಡು ವರ್ಷ ಮೊದಲು, 1951ರಲ್ಲಿ, ನಮ್ಮ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು. ಅಲ್ಲೂ ಜಗಳ ಲೆಕ್ಕದ್ದೇ: ಗೇಣಿಯ ಭತ್ತ ಅಳೆಯಲು ಒಡೆಯರು ಬಳಸುತ್ತಿದ್ದ ಕೊಳಗ ದೊಡ್ಡದು. ಆ ಕೊಳಗವನ್ನು ಗೇಣಿದಾರರು ಒಟ್ಟಾಗಿ ಪ್ರಶ್ನಿಸಿದರು, ಜೈಲಿಗೆ ಹೋದರು. ಲೋಹಿಯಾ ಕೂಡ ಬಂದು ಬಂಧನಕ್ಕೊಳಗಾದರು. ಶಂಭುವಿಗೆ ಅಂಥ ಜೊತೆ ಸಿಗಲಿಲ್ಲ. ಸೋಲು ಒಬ್ಬನೇ ಓಡಿದ್ದರಲ್ಲಿದೆ ಅಂತ ಚಿತ್ರ ಬಾಯಿಬಿಟ್ಟು ಹೇಳುವುದಿಲ್ಲ. ನೋಡುವ ನಾವು ಹೇಳಿಕೊಳ್ಳಬೇಕು.

ಕೊನೆಗೆ ಮೂವರೂ ಊರಿಗೆ ಮರಳುವಾಗ ಅವರ ನೆಲದಲ್ಲಿ ಮಿಲ್ಲು ಏಳುತ್ತಿರುತ್ತದೆ. ಶಂಭು ಒಂದು ಹಿಡಿ ಮಣ್ಣು ತೆಗೆದುಕೊಳ್ಳುತ್ತಾನೆ. ಏನೋ ಕದ್ದನೆಂದು ಕಾವಲುಗಾರ ಗದರುತ್ತಾನೆ; ಆ ಮಣ್ಣೂ ಕೈಯಿಂದ ಜಾರುತ್ತದೆ. ಕಳ್ಳ ಯಾರು ಅನ್ನೋ ಪ್ರಶ್ನೆಯನ್ನು ಮಗನ ವಿಷಯದಲ್ಲಿ ತಪ್ಪಾಗಿ ಕೇಳಿದ್ದ ಚಿತ್ರ, ಇಲ್ಲಿ ಒಂದೇ ಹಿಡಿ ಮಣ್ಣಿನಲ್ಲಿ ಸರಿಯಾಗಿ ಕೇಳುತ್ತದೆ. ಮತ್ತೊಮ್ಮೆ ನೋಡಿ. ಈ ಸಲ ಅಳುವುದಕ್ಕಿಂತ ಲೆಕ್ಕ ಹಾಕುತ್ತಾ ನೋಡಿ.