ವರ್ಷಕ್ಕೆ ಮೂರೇ ಕೃತಿ

ಐದನೆಯ ಗ್ರೇಡ್ ಪಾಸಾದ ಹುಡುಗಿಯೊಬ್ಬಳ ಮನೆಗೆ ಹೋಗಿದ್ದೆ. ಗೋಡೆಯ ಮೇಲೆ ಲಂಡನ್ನಿನ ಸರ್ಟಿಫಿಕೇಟು, ಅದರ ಕೆಳಗೇ ಪಿಯಾನೊ. ‘ಏನಾದರೂ ನುಡಿಸಮ್ಮ’ ಎಂದೆ. ಪರೀಕ್ಷೆಯ ಮೂರು ಕೃತಿ ಮರೆತುಹೋಗಿವೆ, ಮುಂದಿನ ಗ್ರೇಡಿನ ಮೂರು ಇನ್ನೂ ಕೈಗೆ ಬಂದಿಲ್ಲ ಎಂದಳು. ಎರಡನೆಯ ಗ್ರೇಡಿನ ಹಳೆಯ ಪುಸ್ತಕದಿಂದ ಅವಳು ಕಲಿಯದೆ ಬಿಟ್ಟಿದ್ದ ಒಂದು ಪುಟ ತೆರೆದಿಟ್ಟೆ. ಒಂದೊಂದೇ ಸ್ವರವನ್ನು ಬೆರಳಿಟ್ಟು ಎಣಿಸತೊಡಗಿದಳು. ದಿನವೂ ಒಂದು ಗಂಟೆ ಕೂತು ಸಾಧನೆ ಮಾಡಿದ ಮಗು ಅದು. ಶ್ರಮದಲ್ಲಿ ಕೊರತೆಯಿರಲಿಲ್ಲ. ಎಡವಿದ್ದು ತಯಾರಿಯ ಕ್ರಮ.

ಪರೀಕ್ಷೆಯನ್ನೇ ದೂರುವುದು ಸುಲಭ, ಆದರೆ ಅದು ನ್ಯಾಯವಲ್ಲ. ಲಂಡನ್ನಿನ ರಾಯಲ್ ಅಕಾಡೆಮಿ ಮತ್ತು ರಾಯಲ್ ಕಾಲೇಜು ಸೇರಿ 1889ರಲ್ಲಿ ಕಟ್ಟಿದ ಅಸೋಸಿಯೇಟೆಡ್ ಬೋರ್ಡ್, ಅಂದರೆ ಇಂದಿನ ಎಬಿಆರ್‌ಎಸ್‌ಎಂ, ತನ್ನ ಪ್ರಾಕ್ಟಿಕಲ್ ಪರೀಕ್ಷೆಯನ್ನು ಜಾಣತನದಿಂದಲೇ ರೂಪಿಸಿದೆ. ಒಟ್ಟು 150 ಅಂಕ. ಮೂರು ಕೃತಿಗಳಿಗೆ ತಲಾ 30, ಸ್ಕೇಲ್ ಮತ್ತು ಆರ್ಪೆಜಿಯೊಗಳಿಗೆ 21, ಸೈಟ್ ರೀಡಿಂಗ್‌ಗೆ 21, ಕಿವಿಯ ಪರೀಕ್ಷೆಯಾದ ಆರಲ್‌ಗೆ 18. ಕೈ, ಕಣ್ಣು, ಕಿವಿ ಮೂರೂ ಒಟ್ಟಿಗೆ ಬೆಳೆಯಲಿ ಎಂಬ ಆಶಯ ಈ ಹಂಚಿಕೆಯಲ್ಲೇ ಇದೆ. ನಮ್ಮ ಸರಳೆ, ಜಂಟಿ, ಅಲಂಕಾರ, ಗೀತೆ, ವರ್ಣಗಳ ಮೆಟ್ಟಿಲುಗಳನ್ನು ಹತ್ತಿದವರಿಗೆ ಗ್ರೇಡುಗಳ ಕ್ರಮ ಅಪರಿಚಿತವೇನಲ್ಲ.

ತೊಂದರೆ ಶುರುವಾಗುವುದು ಲೆಕ್ಕ ಹಾಕುವಲ್ಲಿ. ಪಾಸಾಗಲು 100 ಅಂಕ ಸಾಕು, ಪ್ರತಿ ವಿಭಾಗದಲ್ಲೂ ಪಾಸಾಗಬೇಕಿಲ್ಲ. ಕೃತಿಗಳಿಗೆ 27ರಂತೆ 81 ಬಂದರೆ, ಉಳಿದ 60ರಲ್ಲಿ 19 ಸಿಕ್ಕರೂ ದಡ ಸೇರಬಹುದು. ಆದ್ದರಿಂದ ಹತ್ತು ತಿಂಗಳು ಮೂರೇ ಕೃತಿಗಳನ್ನು ತಿದ್ದಿ ತೀಡುವುದು, ಕೊನೆಯ ಎರಡು ವಾರ ಸೈಟ್ ರೀಡಿಂಗ್ ಮತ್ತು ಆರಲ್ ಕಡೆ ಕಣ್ಣು ಹಾಯಿಸುವುದು ರೂಢಿಯಾಗಿಬಿಟ್ಟಿದೆ. ಹೀಗೆ ಎಂಟು ಗ್ರೇಡು ದಾಟಿದ ವಿದ್ಯಾರ್ಥಿಯ ಕೈಯಲ್ಲಿ ಇಪ್ಪತ್ತನಾಲ್ಕು ಕೃತಿಗಳು ಬಂದುಹೋಗಿರುತ್ತವೆ. ಉಳಿದಿರುವುದು ಎಷ್ಟು ಎಂದು ಕೇಳಬೇಕು.

ಸೈಟ್ ರೀಡಿಂಗ್‌ನಲ್ಲಿ ಎಂದೂ ಕಾಣದ ತುಣುಕನ್ನು ಎದುರಿಗಿಟ್ಟು, ನೋಡಿಕೊಳ್ಳಲು ಅರ್ಧ ನಿಮಿಷ ಕೊಡುತ್ತಾರೆ. ಆ ಮೂವತ್ತು ಸೆಕೆಂಡಿನಲ್ಲಿ ಬಲ್ಲ ಮಗು ಮೊದಲು ಶ್ರುತಿಯನ್ನೂ ತಾಳವನ್ನೂ ಗುರುತಿಸುತ್ತದೆ, ಕೈ ಜಾಗ ಬದಲಿಸುವ ಕಡೆ ಒಮ್ಮೆ ಬೆರಳಾಡಿಸಿ ನೋಡುತ್ತದೆ, ಕೊನೆಯ ಸ್ವರ ಎಲ್ಲಿ ನಿಲ್ಲುತ್ತದೆ ಎಂದು ಕಂಡುಕೊಳ್ಳುತ್ತದೆ. ನುಡಿಸುವಾಗ ಒಂದು ಸ್ವರ ತಪ್ಪಿದರೂ ಲಯ ಬಿಡದೆ ಮುಂದೆ ಹೋಗುತ್ತದೆ. ಇದು ಎರಡು ವಾರದಲ್ಲಿ ಬರುವ ವಿದ್ಯೆಯಲ್ಲ. ಕಾದಂಬರಿ ಓದುವವರ ಹಾಗೆ ದಿನಕ್ಕೊಂದು ಪುಟ ಓದಿದವರಿಗೆ ಮಾತ್ರ ಒಲಿಯುತ್ತದೆ. ಓದಲು ಸರಕಿಗೇನೂ ಬರವಿಲ್ಲ. ಶೂಮನ್ 1848ರಲ್ಲಿ ಮಕ್ಕಳಿಗಾಗಿ ಬರೆದ ಆಲ್ಬಮ್‌ನಲ್ಲಿ 43 ಪುಟ್ಟ ಕೃತಿಗಳಿವೆ. ಬಾರ್ತೋಕನ ‘ಮಿಕ್ರೊಕಾಸ್ಮೋಸ್’ ಆರು ಸಂಪುಟಗಳಲ್ಲಿ 153 ಮೆಟ್ಟಿಲುಗಳನ್ನು ಕಟ್ಟಿಕೊಡುತ್ತದೆ. ಪರೀಕ್ಷೆಯ ಮಟ್ಟಕ್ಕಿಂತ ಎರಡು ಮೆಟ್ಟಿಲು ಕೆಳಗಿನದನ್ನು ದಿನಕ್ಕೊಂದರಂತೆ ನುಡಿಸಿದರೆ ವರ್ಷಕ್ಕೆ ಮೂರಲ್ಲ, ಮುನ್ನೂರು ತುಣುಕುಗಳ ಪರಿಚಯವಾಗುತ್ತದೆ.

ಥಿಯರಿಯ ಕಥೆ ಇನ್ನೂ ನೋವಿನದು. ಆರನೆಯ ಗ್ರೇಡಿನ ಪ್ರಾಕ್ಟಿಕಲ್‌ಗೆ ಕೂರುವ ಮೊದಲು ಐದನೆಯ ಗ್ರೇಡಿನ ಥಿಯರಿ ಅಥವಾ ಅದಕ್ಕೆ ಸಮನಾದದ್ದು ಪಾಸಾಗಿರಬೇಕೆಂಬುದು ಎಬಿಆರ್‌ಎಸ್‌ಎಂ ನಿಯಮ. ನುಡಿಸುವುದು ಅರ್ಥವಾಗಿರಲಿ ಎಂಬ ಒಳ್ಳೆಯ ಉದ್ದೇಶಕ್ಕೆ ಮಾಡಿದ್ದು. ಆದರೆ ಅದೀಗ ಟೋಲ್‌ಗೇಟಿನಂತಾಗಿದೆ. ಹಿಂದೆ ಐದನೆಯ ಗ್ರೇಡಿನ ಪತ್ರಿಕೆ ಒಂದು ಸಣ್ಣ ಮೆಲಡಿಯನ್ನು ಸ್ವಂತವಾಗಿ ರಚಿಸಲು ಹೇಳುತ್ತಿತ್ತು. ಈಗ ಆ ಪ್ರಶ್ನೆಯಿಲ್ಲ. 2020ರಿಂದ ಐದನೆಯ ಗ್ರೇಡಿನವರೆಗೆ ಆನ್‌ಲೈನ್ ಪರೀಕ್ಷೆ, 75ಕ್ಕೆ 50 ಬಂದರೆ ಪಾಸು. ಪಿಯಾನೊ ಮುಟ್ಟದೆಯೇ ಉತ್ತರ ಹೊಡೆಯಬಹುದು.

ಒಂದೇ ಉದಾಹರಣೆ ಸಾಕು. ‘ಹಾರ್ಮೋನಿಕ್ ಮೈನರ್‌ನಲ್ಲಿ ಏಳನೆಯ ಸ್ವರ ಅರ್ಧ ಮೆಟ್ಟಿಲು ಏರುತ್ತದೆ’ ಎಂದು ಮಕ್ಕಳು ಉರು ಹೊಡೆಯುತ್ತಾರೆ. ಏಕೆ ಏರಬೇಕು? ಎ ಮೈನರ್‌ನಲ್ಲಿ ಇ, ಜಿ, ಬಿ ಮೂರನ್ನೂ ಒಟ್ಟಿಗೆ ಒತ್ತಿ, ಬಳಿಕ ಎ, ಸಿ, ಇ ಒತ್ತಿ. ಮನೆಗೆ ಬಂದಂತೆ ಅನಿಸುವುದಿಲ್ಲ. ಜಿ ಬದಲು ಜಿ ಶಾರ್ಪ್ ಒತ್ತಿ ನೋಡಿ, ಆ ಸ್ವರ ಷಡ್ಜದ ಕಡೆಗೆ ತಾನಾಗಿಯೇ ವಾಲುತ್ತದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಕೈಶಿಕಿ ನಿಷಾದ ಕಾಕಲಿಯಾಯಿತು, ನಟಭೈರವಿಯ ಸ್ವರಗಳು ಕೀರವಾಣಿಯವಾದವು. ಮನೆಯಲ್ಲಿ ಕರ್ನಾಟಕ ಸಂಗೀತ ಕೇಳಿ ಬೆಳೆದ ಮಗುವಿಗೆ ಇದು ಒಂದು ನಿಮಿಷದ ಪಾಠ. ಕೀಲಿಮಣೆಯ ಮೇಲೆ ಕೇಳಿಸದ ಥಿಯರಿ ಬರೀ ವ್ಯಾಕರಣದ ಗಿಳಿಪಾಠ. ಆರಲ್ ಕೂಡ ಹಾಗೆಯೇ. ಕೇಳಿದ್ದನ್ನು ಹಾಡಿ ತೋರಿಸುವುದು ನಮ್ಮ ಪಾಠಪದ್ಧತಿಯ ಜೀವವೇ ಆಗಿರುವಾಗ, ಪಿಯಾನೊ ಕಲಿಯುವ ಮಕ್ಕಳು ಹಾಡಲು ನಾಚುವಂತೆ ಬೆಳೆಸಬಾರದು.

2020ರಲ್ಲಿ ಬಂದ ಪರ್ಫಾರ್ಮೆನ್ಸ್ ಗ್ರೇಡ್‌ಗಳ ಬಗ್ಗೆ ನನ್ನ ಆಕ್ಷೇಪವೂ ಇದೇ. ನಾಲ್ಕು ಕೃತಿಗಳನ್ನು ಒಂದೇ ಓಟದಲ್ಲಿ ನುಡಿಸಿ ವಿಡಿಯೊ ಕಳಿಸಿದರೆ ಆಯಿತು. ಸ್ಕೇಲ್, ಸೈಟ್ ರೀಡಿಂಗ್, ಆರಲ್ ಯಾವುದೂ ಇಲ್ಲ. ಸಭೆಯೆದುರು ನುಡಿಸುವ ಶಿಸ್ತನ್ನು ಅದು ಕಲಿಸುತ್ತದೆ, ನಿಜ. ಬುನಾದಿ ಗಟ್ಟಿಯಿರುವವರು ಅದನ್ನು ಧಾರಾಳವಾಗಿ ಆರಿಸಿಕೊಳ್ಳಲಿ. ಬುನಾದಿ ತಪ್ಪಿಸಿಕೊಳ್ಳಲು ಮಾತ್ರ ಅದು ದಾರಿಯಾಗಬಾರದು.

ಪರೀಕ್ಷೆ ಬರೆದೂ ಸಂಗೀತದಲ್ಲಿ ಬಾಳಿದವರು ನಮ್ಮಲ್ಲೇ ಇದ್ದರು. ಮೈಸೂರಿನ ಜಯಚಾಮರಾಜ ಒಡೆಯರು 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸ್ಕೂಲ್ ಆಫ್ ಮ್ಯೂಸಿಕ್‌ನ ಲೈಸೆನ್ಶಿಯೇಟ್ ಪದವಿ ಪಡೆದರು. ಅಲ್ಲಿಗೇ ನಿಲ್ಲಲಿಲ್ಲ. ರಷ್ಯಾದ ಸಂಗೀತ ರಚನಕಾರ ಮೆಟ್ನರ್ ಮುಪ್ಪಿನಲ್ಲಿ ಲಂಡನ್ನಿನಲ್ಲಿದ್ದಾಗ ಅವರ ಕೃತಿಗಳು ಧ್ವನಿಮುದ್ರಣವಾಗುವಂತೆ ಹಣ ಒದಗಿಸಿದರು. ಕರ್ನಾಟಕ ಸಂಗೀತದಲ್ಲಿ ‘ಶ್ರೀವಿದ್ಯಾ’ ಮುದ್ರಿಕೆಯ 94 ಕೃತಿಗಳನ್ನು ರಚಿಸಿದರು. ಅವರ ಸಂಪತ್ತು ಎಲ್ಲರಿಗಿರದು, ಆದರೆ ಪದವಿಯ ಆಚೆಗೂ ಚಾಚಿದ ಆ ಕುತೂಹಲಕ್ಕೆ ಸಂಪತ್ತು ಬೇಕಿಲ್ಲ.

ತಂದೆತಾಯಂದಿರಲ್ಲಿ, ಮೇಷ್ಟರುಗಳಲ್ಲಿ ನನ್ನದೊಂದೇ ಕೋರಿಕೆ. ಎರಡು ಗ್ರೇಡುಗಳ ನಡುವೆ ಆರು ತಿಂಗಳಾದರೂ ಪರೀಕ್ಷೆಯಿಲ್ಲದ ಸಂಗೀತ ಇರಲಿ. ಮಗು ತಾನೇ ಆರಿಸಿದ ಕೃತಿ ಕಲಿಯಲಿ, ಹಳೆಯದನ್ನು ಮರೆಯದಿರಲಿ, ದಿನಕ್ಕೊಂದು ಹೊಸ ಪುಟ ತಡವರಿಸುತ್ತಲಾದರೂ ಓದಲಿ. ಆಮೇಲೆ ಪರೀಕ್ಷೆ ಕಟ್ಟಿಸಿ, ಅಂಕ ತಾನಾಗಿಯೇ ಬರುತ್ತದೆ. ಮನೆಗೆ ಬಂದವರು ‘ಏನಾದರೂ ನುಡಿಸಮ್ಮ’ ಎಂದಾಗ ಅವಳ ಬೆರಳಲ್ಲಿ ಒಂದಾದರೂ ಹಾಡು ಇರಬೇಕು.